ತಮ್ಮಣ್ಣ ಕೊಟ್ಟ ಕೊರಳು

ನಮ್ಮ ಊರಲ್ಲಿ ಕೋಳಿ ಬೊಗಳಿದರೆ ಯಾರೂ ಎದ್ದು ಹೊರಗೆ ಬರುವುದಿಲ್ಲ. ಓ, ಆ ಮನೆಯಲ್ಲಿ ಹೊಂದಿಕೆ ಆಯಿತು ಅಂದುಕೊಂಡು ಮಗ್ಗುಲು ಬದಲಿಸಿ ಮಲಗುತ್ತೇವೆ. ಹೊರಗಿನಿಂದ ಬಂದವರಿಗೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಒಮ್ಮೆ ನನ್ನ ಗಿರಣಿಗೆ ಮೋಟಾರು ಜೋಡಿಸಲು ಬಂದಿದ್ದ ಮೇಸ್ತ್ರಿ ಬುತ್ತಿ ಬಿಚ್ಚಿ ಕೂತಿದ್ದ. ಪಕ್ಕದ ಮನೆಯ ಬೆಕ್ಕು ಮೀನಿನ ವಾಸನೆಗೆ ಕೊಕ್ಕೊಕ್ಕೋ ಅನ್ನುತ್ತಾ ಅವನ ಹತ್ತಿರ ಬಂತು ನೋಡಿ, ಅನ್ನವನ್ನೂ ಅರ್ಧ ಬಿಗಿದ ಬೋಲ್ಟನ್ನೂ ಅಲ್ಲೇ ಬಿಟ್ಟು ಬಸ್ಸು ಹತ್ತಿದ. ಆ ಬೋಲ್ಟು ಇವತ್ತಿಗೂ ಗಡಗಡ ಅನ್ನುತ್ತಲೇ ಇದೆ.

ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಒಂದೇ ಹಿತ್ತಲಿನ ಎರಡು ಬೇರೆ ಬೇರೆ ಪ್ರಾಣಿಗಳು ಮೊದಲು ಕಿತ್ತಾಡಿ, ಆಮೇಲೆ ಸಹಿಸಿಕೊಂಡು, ಕೊನೆಗೆ ಒಂದನ್ನೊಂದು ಮನೆಯವರೆಂದು ಒಪ್ಪಿಕೊಂಡ ದಿನ ಇದರ ದನಿ ಅದಕ್ಕೆ, ಅದರ ದನಿ ಇದಕ್ಕೆ ಹೋಗುತ್ತದೆ. ಇದನ್ನು ನಾವು ಕೊರಳು ಕೊಡುವುದು ಅನ್ನುತ್ತೇವೆ. ಮುಂದಿನ ಸಂತೆಯವರೆಗೆ ಹಾಗೇ ಇದ್ದು, ಸಂತೆಯ ದಿನ ಹೊತ್ತು ಮುಳುಗುವಾಗ ಅವುಗಳ ದನಿ ಅವುಗಳಿಗೆ ಮರಳುತ್ತದೆ. ಅಲ್ಲಿಂದ ಮುಂದೆ ಬೆಕ್ಕಿನ ಕಾವಲಿಗೆ ಕೋಳಿಮರಿಗಳನ್ನು ಬಿಟ್ಟು ನೀವು ಯಾವ ಊರಿಗೆ ಬೇಕಾದರೂ ಹೋಗಿ ಬರಬಹುದು. ಕೊರಳು ಕೊಡುವ ತನಕ ಮಾತ್ರ ಹಗ್ಗ, ಕೋಳಿ ಮುಚ್ಚುವ ಮಂಕರಿ, ಕೈಯಲ್ಲೊಂದು ಕೋಲು ಎಲ್ಲ ಬೇಕು. ಇನ್ನೊಂದು ಕೆಟ್ಟ ಸಂಗತಿಯೂ ಇದೆ, ಅದನ್ನು ಕೊರಳು ಕಟ್ಟುವುದು ಅನ್ನುತ್ತಾರೆ. ಒಪ್ಪಲಾರದ ಪ್ರಾಣಿ ಹಟಕ್ಕೆ ಬಿದ್ದು ತನ್ನ ದನಿಯನ್ನು ತಾನೇ ನುಂಗಿಕೊಳ್ಳುತ್ತದೆ. ನಾನಂತೂ ಅದನ್ನು ಕಣ್ಣಾರೆ ಕಂಡಿರಲಿಲ್ಲ, ಹಿರಿಯರು ಹೇಳಿದ್ದನ್ನು ಕೇಳಿದ್ದೆ ಅಷ್ಟೇ.

ಈ ಊರಿನ ಬದುಕು ಇದಕ್ಕೆ ತಕ್ಕ ಹಾಗೆ ಒಗ್ಗಿಕೊಂಡಿದೆ. ಹೊರಗಿನ ಕಳ್ಳನೊಬ್ಬ ಕತ್ತಲಲ್ಲಿ ಕೋಳಿಯ ಸದ್ದು ಕೇಳಿ ಧೈರ್ಯವಾಗಿ ಗೋಡೆ ಹಾರಿದ. ಕೊಕ್ಕೊಕ್ಕೋ ಅನ್ನುತ್ತಲೇ ನಾಯಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಮದುವೆಗಳಿಗೂ ಇದೇ ನಿಯಮ. ಎರಡು ಮನೆ ಕೂಡಬೇಕಾದರೆ ಎರಡೂ ಮನೆಯ ಪ್ರಾಣಿಗಳು ಮೊದಲು ಕೊರಳು ಕೊಡಬೇಕು, ಆಮೇಲೆ ಒಲೆ ಹಚ್ಚುವುದು. ಕೇಳಿ ತೀರ್ಪು ಹೇಳುವವಳು ನನ್ನ ಪಕ್ಕದ ಮನೆಯ ತಿಪ್ಪಜ್ಜಿ, ಆ ಬೆಕ್ಕಿನ ಒಡತಿ. ಅವಳು ಬಂದು, ಬಲಗೈಯನ್ನು ಕಿವಿಯ ಹಿಂದೆ ಒಡ್ಡಿ ನಿಂತು, ಕೇಳಿಸಿತು ಅನ್ನಿಸಿದಾಗ “ಒಲೆ ಹಚ್ಚಿ” ಅನ್ನುತ್ತಾಳೆ. ಪುರೋಹಿತರು, ಓಲಗದವರು ಎಲ್ಲ ಆ ಮಾತಿಗಾಗಿ ಕಾಯಬೇಕು.

ನಾನು ದುರುಗಮ್ಮ, ಮೇಲಿನ ಬೀದಿಯ ಹಿಟ್ಟಿನ ಗಿರಣಿ ನನ್ನದು, ಅದರ ಹಿಂದೆಯೇ ಮನೆ. ದಿನವೆಲ್ಲ ಗಿರಣಿಯ ಸದ್ದಿನ ಮೇಲೆ ಮಾತಾಡಿ ನನ್ನ ಗಂಟಲು ಹಾಗೇ ಪಳಗಿಬಿಟ್ಟಿದೆ, ಗುಟ್ಟು ಹೇಳಿದರೂ ಬೀದಿಯ ಆ ತುದಿಗೆ ಕೇಳಿಸುತ್ತದೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಹಿತ್ತಲಲ್ಲಿ ಒಂದು ಹಿಂಡು ಹೇಂಟೆಗಳು, ಅವುಗಳ ಮೇಲೆ ದರ್ಬಾರು ನಡೆಸಲು ದಳವಾಯಿ ಅನ್ನುವ ಕೆಂಪು ಹುಂಜ. ದಳವಾಯಿಯ ಕೂಗು ಊರಿಗೆಲ್ಲ ಗೊತ್ತು. ದೊರೆಯ ಗತ್ತಿನಲ್ಲಿ ಶುರುವಾಗಿ, ಕೊನೆಗೆ ಎಣ್ಣೆ ಕಾಣದ ಬಾವಿಯ ರಾಟೆಯ ಹಾಗೆ ಕೀಂಯ್ ಎಂದು ಮುರಿಯುತ್ತದೆ. ಮೇಲಿನ ಬೀದಿ ಏಳುವುದು ಆ ಕೀಂಯ್‌ಗೆ.

ಕೆಳಗಿನ ಬೀದಿಯ ಓಬಯ್ಯ ಕೊಡೆ ರಿಪೇರಿ ಮಾಡುವವರು. ಹೆಂಡತಿ ಮಕ್ಕಳಿಲ್ಲ, ತಮ್ಮಣ್ಣ ಅನ್ನುವ ಬೂದು ಬಣ್ಣದ ನಾಯಿ ಒಂದಿದೆ. ಇಬ್ಬರಿಗೂ ಮಾತಿನ ಗೊಡವೆ ಇಲ್ಲ. ಓಬಯ್ಯನಾದರೂ ತೀರ ಬೇಕಾದಾಗ ಒಂದೆರಡು ಮಾತಾಡುತ್ತಾರೆ, ತಮ್ಮಣ್ಣನಿಗೆ ಅದೂ ಇಲ್ಲ. ಅದು ಬೊಗಳಿದ್ದನ್ನಾಗಲಿ, ಊಳಿಟ್ಟದ್ದನ್ನಾಗಲಿ, ಕಾಲು ತುಳಿದರೆ ಕುಂಯ್ ಅಂದದ್ದನ್ನಾಗಲಿ ಹುಟ್ಟಿದಾಗಿನಿಂದ ಯಾರೂ ಕೇಳಿಲ್ಲ. ಸಿಟ್ಟು, ಸಂತೋಷ, ಹಸಿವು ಎಲ್ಲವನ್ನೂ ಬಾಲದಲ್ಲೇ ಹೇಳಬೇಕು ಪಾಪ.

ಈ ಓಬಯ್ಯ ಮೊದಲು ತಿಂಗಳಿಗೊಮ್ಮೆ ಚೀಲ ತುಂಬ ರಾಗಿ ಬೀಸಿಸಿಕೊಂಡು ಹೋಗುತ್ತಿದ್ದರು. ಆಮೇಲೆ ವಾರಕ್ಕೊಮ್ಮೆ ಸಣ್ಣ ಡಬ್ಬದಲ್ಲಿ ತಂದರು. ಆಮೇಲೆ ದಿನಾ ಬರತೊಡಗಿದರು. ಒಂದು ದಿನ ಪಾವು ರಾಗಿ ಹಿಡಿದು ಸಾಲಲ್ಲಿ ನಿಂತಿದ್ದರು. ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮೋಟಾರು ನಿಲ್ಲಿಸಿ, ಇಷ್ಟು ರಾಗಿ ಕಲ್ಲಿಗೇ ಮೆತ್ತಿಕೊಂಡು ಹೋಗುತ್ತದೆ, ನಿಮಗೆ ಬೇಕಾದದ್ದು ಹಿಟ್ಟೋ ಬೇರೆ ಏನಾದರೋ ಅಂತ ಕೇಳಿಯೇಬಿಟ್ಟೆ. ಓಬಯ್ಯ ಬಹಳ ಹೊತ್ತು ತಮ್ಮಣ್ಣನ ಕಿವಿ ಸವರಿದರು. ಆಮೇಲೆ “ಬೇರೆ” ಅಂದರು. ಅಷ್ಟೇ ಮಾತು. ಅವತ್ತು ಗಿರಣಿಯಲ್ಲಿ ನಾನು ಯಾರ ಗೋಧಿಗೆ ಯಾರ ಜೋಳ ಬೆರೆಸಿದೆನೋ ದೇವರೇ ಬಲ್ಲ.

ನಮ್ಮ ಕೂಡಿಕೆ ಮದುವೆಗೆ ಊರಲ್ಲಿ ಯಾರದೂ ಅಡ್ಡಿ ಇರಲಿಲ್ಲ. ಈ ವಯಸ್ಸಿನಲ್ಲಿ ಬೇಕಿತ್ತಾ ಅಂದವರಿಗೆ ಬೇಕಿತ್ತು ಅಂತಲೇ ಹೇಳಿದೆ. ಉಳಿದದ್ದು ದಳವಾಯಿ ಮತ್ತು ತಮ್ಮಣ್ಣ. ಮೂಕ ನಾಯಿ ಕೊರಳು ಕೊಡುವುದಾದರೂ ಹೇಗೆ ಅಂತ ನಾನು ಕೇಳಿದ್ದಕ್ಕೆ ತಿಪ್ಪಜ್ಜಿ ನನ್ನನ್ನೇ ಗದರಿದಳು. “ಮೂಕ ಅಂದ್ರೇನೇ? ಕೊರಳು ಒಳಗೇ ಇರ್ತೈತೆ. ಅದು ನಿನ್ನ ಹುಂಜದ ಬಾಯಲ್ಲಿ ಬರ್ತೈತೆ ನೋಡ್ತಿರು” ಅಂದಳು. ಆ ಮಾತು ಹೇಳಿದ್ದೇ ತಡ, ಬೀದಿಗೆ ಬೀದಿಯೇ ಕಿವಿಯಾಗಿಬಿಟ್ಟಿತು. ತಮ್ಮಣ್ಣನ ಬೊಗಳು ದಪ್ಪವೋ ಸಣ್ಣದೋ ಅಂತ ನಲ್ಲಿಯ ಹತ್ತಿರ ಹೆಂಗಸರು ವಾದ ಮಾಡಿದರು. ಓಬಯ್ಯನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಜೊತೆಗಿದ್ದ ಜೀವದ ದನಿಯನ್ನು ಒಂದು ಸಲ ಕೇಳಬಹುದು ಅನ್ನುವ ಆಸೆ ಅವರಿಗೆ ನಮ್ಮೆಲ್ಲರಿಗಿಂತ ಹೆಚ್ಚಾಗಿತ್ತು.

ಪದ್ಧತಿಯಂತೆ ತಮ್ಮಣ್ಣ ನನ್ನ ಹಿತ್ತಲಿಗೆ ಬಂತು. ನುಗ್ಗೆಮರಕ್ಕೆ ಹಗ್ಗ ಕಟ್ಟಿ, ಮಲಗಲು ಒಂದು ಗೋಣಿಚೀಲ ಹಾಸಿದೆವು. ಮೊದಲ ದಿನ ದಳವಾಯಿ ಕತ್ತಿನ ಗರಿ ನಿಗುರಿಸಿಕೊಂಡು ಹೋಗಿ ಅದರ ಮೂಗಿಗೇ ಕುಕ್ಕಿತು. ರಕ್ತ ಬಂತು. ತಮ್ಮಣ್ಣ ಮೂಗು ನೆಕ್ಕಿಕೊಂಡು ಮುಖ ತಿರುಗಿಸಿತೇ ಹೊರತು ಕಾಲು ಕೂಡ ಎತ್ತಲಿಲ್ಲ. ನಾನು ಎರಡಕ್ಕೂ ಒಂದೇ ಹೊತ್ತಿಗೆ ಹಾಕುತ್ತಿದ್ದೆ, ಅತ್ತ ಮುದ್ದೆ, ಇತ್ತ ನುಚ್ಚು, ಮಧ್ಯೆ ನಾನು ಕೋಲು ಹಿಡಿದು ಕೂರುವುದು. ದಿನದಿನಕ್ಕೆ ತಟ್ಟೆಗಳನ್ನು ಒಂದಿಷ್ಟು ಹತ್ತಿರ ಸರಿಸುವುದು. ಸ್ವಲ್ಪ ದಿನಕ್ಕೆ ಹೇಂಟೆಗಳು ಅದರ ಬಾಲದ ಪಕ್ಕದಲ್ಲೇ ಗುಂಡಿ ತೋಡಿ ಮಣ್ಣಲ್ಲಿ ಹೊರಳಾಡತೊಡಗಿದವು, ಮೈಮೇಲೆಲ್ಲ ಮಣ್ಣು ಬಿದ್ದರೂ ತಮ್ಮಣ್ಣ ಕಣ್ಣು ಮುಚ್ಚಿಕೊಂಡು ಸುಮ್ಮನಿರುತ್ತಿತ್ತು. ಬೊಟ್ಟಿ ಅನ್ನುವ ಚುಕ್ಕೆಯ ಹೇಂಟೆಯಂತೂ ಗೂಡು ಬಿಟ್ಟು ಬಂದು ಅದರ ಗೋಣಿಚೀಲದ ಮೇಲೆ ಮೊಟ್ಟೆ ಇಟ್ಟಿತು. ನಾಯಿ ಇನ್ನೇನು ಮೊಟ್ಟೆ ಕುಡಿಯುತ್ತದೆ ಅಂತ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ, ಅದು ಒಮ್ಮೆ ಮೂಸಿ, ಮೊಟ್ಟೆಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ಮಲಗಿತು. ನಾನು ಅವತ್ತೇ ಹಗ್ಗ ಬಿಚ್ಚಿದೆ. ನನಗೆ ಕುಣಿಯುವುದೊಂದು ಬಾಕಿ. ಹೊಸ ಒಲೆಗೆ ಮಣ್ಣು ಕಲಸಿ, ಮೆತ್ತಿ, ಒಣಗಲು ಇಟ್ಟೆ.

ಮಾರನೆಯ ಬೆಳಗ್ಗೆ ದಳವಾಯಿ ಗೋಡೆ ಹತ್ತಿತು. ಬೀದಿಯವರೆಲ್ಲ ಚೆಂಬು ಹಿಡಿದುಕೊಂಡೋ ಮಗು ಎತ್ತಿಕೊಂಡೋ ಹೇಗೆ ಇದ್ದರೋ ಹಾಗೇ ಬಂದು ಬೇಲಿಯ ಆಚೆ ನಿಂತಿದ್ದರು. ತಿಪ್ಪಜ್ಜಿ ಕೈಯನ್ನು ಕಿವಿಯ ಹಿಂದೆ ಒಡ್ಡಿದಳು. ದಳವಾಯಿ ರೆಕ್ಕೆ ಬಡಿದು, ಕತ್ತು ನೀಳ ಮಾಡಿ, ಕೊಕ್ಕು ತೆರೆಯಿತು. ಏನೂ ಬರಲಿಲ್ಲ. ಬೊಗಳೂ ಇಲ್ಲ, ಕೂಗೂ ಇಲ್ಲ. ಮತ್ತೆ ಕೊಕ್ಕು ತೆರೆಯಿತು, ಗಾಳಿ ಕೂಡ ಅಲುಗಲಿಲ್ಲ. ತಮ್ಮಣ್ಣ ತನ್ನ ಗೋಣಿಚೀಲದ ಮೇಲೆ ಯಾವತ್ತಿನ ಹಾಗೆ ಸುಮ್ಮನೆ ಕೂತು ಇದನ್ನೇ ನೋಡುತ್ತಿತ್ತು.

ಶುಂಠಿ, ಮೆಣಸು, ಬೆಳ್ಳುಳ್ಳಿ ಜಜ್ಜಿ ಉಂಡೆ ಕಟ್ಟಿ ನುಂಗಿಸಿದೆ. ಪಶು ಆಸ್ಪತ್ರೆಯ ಕಾಂಪೌಂಡರು ಬಂದು ಬಾಯಿ ಅಗಲಿಸಿ ನೋಡಿ, ಗಂಟಲಲ್ಲಿ ದೋಷವಿಲ್ಲ ಅಂದು ಹೋದರು. ಹುಂಜ ಚೆನ್ನಾಗಿ ತಿನ್ನುತ್ತಿತ್ತು, ಹೇಂಟೆಗಳ ಹಿಂದೆ ಓಡುತ್ತಿತ್ತು. ಆದರೆ ಅದು ಹೇಂಟೆಗಳನ್ನು ಕರೆದು ಕಾಳು ತೋರಿಸುವ ಸಣ್ಣ ಸದ್ದು ಕೂಡ ನಿಂತುಹೋಗಿತ್ತು. ಸಂಜೆ ತಿಪ್ಪಜ್ಜಿ ನೆಲ ನೋಡುತ್ತಾ, ಕೊರಳು ಕಟ್ಟಿತು ಕಣೇ, ಅದು ಒಪ್ಪಿಲ್ಲ ಅಂದಳು. ಅವಳ ಬಾಯಿಂದ ಒಮ್ಮೆ ಆ ಮಾತು ಬಂದ ಮೇಲೆ ಕೂಡಿಕೆ ಮುರಿದ ಹಾಗೆಯೇ.

ನಾನು ಪಕ್ಕದಲ್ಲೇ ನಿಂತಿದ್ದ ಓಬಯ್ಯನ ಮುಖ ನೋಡಿದೆ. ಏನಾದರೂ ಹೇಳುತ್ತಾರೆ ಅಂತ ಕಾದೆ. ಇನ್ನೊಂದು ಸಂತೆ ನೋಡೋಣ ಅನ್ನಬಹುದಿತ್ತು. ಅಜ್ಜಿಯ ಮಾತು ಅತ್ತ ಇರಲಿ ಅನ್ನಬಹುದಿತ್ತು. ಅವರು ಗೋಣಿಚೀಲವನ್ನು ಮಡಿಸಿ ಗೋಡೆಗೆ ಒರಗಿಸಿ, ತಮ್ಮಣ್ಣನ ಕೊರಳಿಗೆ ಹಗ್ಗ ಹಾಕಿ, “ಬರ್ತೀನಿ” ಅಂದು ಹೊರಟರು. ತಮ್ಮಣ್ಣ ಹಿಂದಿರುಗಿ ನೋಡಿಕೊಂಡೇ ಹೋಯಿತು. ಓಬಯ್ಯ ಅದನ್ನೂ ಮಾಡಲಿಲ್ಲ. ಎಂಥ ಸಿಟ್ಟು ಬಂತೆಂದರೆ, ಒಣಗಲು ಇಟ್ಟಿದ್ದ ಒಲೆಯನ್ನು ಒದೆಯಲು ಕಾಲೆತ್ತಿದೆ. ಆಮೇಲೆ ಮನಸ್ಸು ಬರಲಿಲ್ಲ.

ಆ ವಾರ ನಾನು ಗಿರಣಿಯ ಸದ್ದನ್ನೂ ಮೀರಿ ಮಾತಾಡಿದೆ. ರಾಗಿ ತಂದವರಿಗೆ, ಗೋಧಿ ತಂದವರಿಗೆ, ಏನೂ ತರದೆ ಸುಮ್ಮನೆ ದಾರಿಯಲ್ಲಿ ಹೋಗುವವರಿಗೆ ಕೂಡ, ಬಾಯಲ್ಲಿ ನಾಲಿಗೆ ಇದ್ದೂ ಆಡದ ಗಂಡಸರ ಬಗ್ಗೆ ಬೈದೆ. ಎದುರು ಸಿಕ್ಕಾಗ ಏನು ಹೇಳಬೇಕು ಅಂತ ಒಂದೊಂದೇ ಮಾತು ಕೂಡಿಸಿ ಇಟ್ಟುಕೊಂಡೆ. ದಳವಾಯಿ ಕೂಗದ ಕಾರಣ ಬೀದಿಯವರೆಲ್ಲ ಹೊತ್ತು ಏರಿದ ಮೇಲೆ ಏಳತೊಡಗಿದರು. ಮಕ್ಕಳು ಶಾಲೆಗೆ ತಡವಾಗಿ ಹೋಗಿ ಬೈಸಿಕೊಂಡರು, ಹಾಲಿನವನ ಹಾಲು ಬಾಗಿಲಲ್ಲೇ ಒಡೆಯಿತು. ಇಷ್ಟರ ಮಧ್ಯೆ ಹಿತ್ತಲಿಗೆ ಹೋದರೆ ಬೊಟ್ಟಿ ಮಡಿಸಿಟ್ಟ ಗೋಣಿಚೀಲದ ಪಕ್ಕ ಮೊಟ್ಟೆ ಇಡಲು ಜಾಗ ಸಿಗದೆ ಒದ್ದಾಡುತ್ತಿತ್ತು. ದಳವಾಯಿ ನುಗ್ಗೆಮರದ ಬುಡಕ್ಕೆ ಹೋಗಿ ಹಗ್ಗ ಉಜ್ಜಿದ ಗುರುತನ್ನು ನೋಡುತ್ತಾ ನಿಲ್ಲುತ್ತಿತ್ತು. ಒಪ್ಪದೆ ಇರುವ ಹುಂಜ ಹೀಗೆ ಯಾಕೆ ನಿಲ್ಲುತ್ತದೆ ಅಂತ ನನಗೆ ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಸಿಟ್ಟು ಯೋಚನೆ ಮಾಡಲು ಬಿಟ್ಟರೆ ತಾನೇ.

ಸಂತೆಯ ದಿನ ಬಂತು. ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ, ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ದಳವಾಯಿ ನನ್ನೆದುರಿಗೇ ಗೋಡೆಯ ಮೇಲೆ ಕೊಕ್ಕು ಮುಚ್ಚಿಕೊಂಡು ಕೂತಿತ್ತು. ಆಗ ಕೆಳಗಿನ ಬೀದಿಯ ಕಡೆಯಿಂದ ಒಂದು ಕೂಗು ಕೇಳಿಸಿತು. ದೊರೆಯ ಗತ್ತಿನಲ್ಲಿ ಶುರುವಾಗಿ, ಊರ ಮೇಲೆಲ್ಲ ಹಾದು, ಕೊನೆಗೆ ಕೀಂಯ್ ಎಂದು ಮುರಿಯಿತು.

ನನ್ನ ಕೈಯಲ್ಲಿದ್ದ ಚೆಂಬು ಬಿತ್ತು. ಕೆಳಗಿನ ಬೀದಿಯಲ್ಲಿ ಯಾರೂ ಕೋಳಿ ಸಾಕುವುದಿಲ್ಲ, ಹಳ್ಳದ ಕಡೆಯ ಮುಂಗುಸಿಗಳು ಒಂದನ್ನೂ ಉಳಿಸುವುದಿಲ್ಲ. ಅದಿರಲಿ, ಆ ಕೀಂಯ್ ಈ ಲೋಕದಲ್ಲಿ ಇನ್ನೊಂದು ಹುಂಜಕ್ಕೆ ಇರಲು ಸಾಧ್ಯವೇ ಇಲ್ಲ. ಮತ್ತೆ ಕೇಳಿಸಿತು. ಹೇಂಟೆಗಳೆಲ್ಲ ಕತ್ತೆತ್ತಿ ಬೇಲಿಯ ಕಡೆ ಓಡಿದವು. ನಾನು ದಳವಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು, ಬಾಯಿ ಕೂಡ ಮುಕ್ಕಳಿಸದೆ ಓಡಿದೆ. ತಿಪ್ಪಜ್ಜಿಯ ಬಾಗಿಲನ್ನು ಕಾಲಲ್ಲೇ ಬಡಿದೆ. ಅವಳೂ ಕೂಗು ಕೇಳಿ ಎದ್ದು ಕೂತಿದ್ದಳು. ಕೋಲು ಹುಡುಕಲೂ ನಿಲ್ಲದೆ ಹಿಂದೆ ಬಂದಳು, ಅವಳ ಹಿಂದೆ ಬೆಕ್ಕು, ಬೆಕ್ಕಿನ ಹಿಂದೆ ಅರ್ಧ ಬೀದಿ. ಸಂತೆಗೆ ತರಕಾರಿ ಹೊತ್ತು ಬರುತ್ತಿದ್ದವರು ಏನೋ ಅನಾಹುತವಾಗಿದೆ ಅಂದುಕೊಂಡು ಬುಟ್ಟಿ ಸಮೇತ ನಮ್ಮ ಜೊತೆಗೆ ತಿರುಗಿದರು.

ಓಬಯ್ಯನ ಮನೆಯ ಮುಂದಿನ ಮೋಟುಗೋಡೆಯ ಮೇಲೆ ತಮ್ಮಣ್ಣ ನಿಂತಿತ್ತು. ಮುಂಗಾಲು ಊರಿ, ಕತ್ತು ನೀಳ ಮಾಡಿ, ಕಣ್ಣು ಮುಚ್ಚಿ ಕೂಗುತ್ತಿತ್ತು. ಕೂಗಿದ ಮೇಲೆ ಈ ಸದ್ದು ಎಲ್ಲಿಂದ ಬಂತು ಅನ್ನುವ ಹಾಗೆ ಅತ್ತ ಇತ್ತ ನೋಡುತ್ತಿತ್ತು, ಮತ್ತೆ ಕೂಗುತ್ತಿತ್ತು. ಪ್ರತಿ ಕೂಗಿಗೂ ಅದರ ಬಾಲ ಕಿತ್ತು ಹೋಗುವಷ್ಟು ಆಡುತ್ತಿತ್ತು. ಜಗುಲಿಯ ಮೇಲೆ ಓಬಯ್ಯ ಅರ್ಧ ಹೊಲಿದ ಕೊಡೆಯನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಕೂತಿದ್ದರು. ಅವರ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ನೆನಪಿರಲಿಲ್ಲ.

ನನ್ನ ಕಂಕುಳಿಂದ ದಳವಾಯಿ ಜಾರಿತು. ನೇರವಾಗಿ ಹೋಗಿ ಗೋಡೆ ಹತ್ತಿ ತಮ್ಮಣ್ಣನ ಪಕ್ಕದಲ್ಲಿ ನಿಂತುಕೊಂಡಿತು. ಒಂದು ಕುಕ್ಕಿಲ್ಲ, ಒಂದು ಗರಿ ನಿಗುರಿಸಲಿಲ್ಲ. ಕೊಕ್ಕು ತೆರೆದು ಮುಚ್ಚಿತು, ಸದ್ದಿಲ್ಲ. ಪಕ್ಕದಲ್ಲಿ ನಾಯಿ ಕೂಗಿತು. ತಿಪ್ಪಜ್ಜಿ ಕಿವಿಯ ಹಿಂದೆ ಒಡ್ಡಿದ್ದ ಕೈಯನ್ನು ಹಾಗೇ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಕಟ್ಟಿರಲಿಲ್ಲ ಕಣೇ ದುರುಗಿ” ಅಂದಳು. “ಹುಂಜ ಅವತ್ತೇ ಕೊಟ್ಟುಬಿಟ್ಟಿತ್ತು.”

ಗುಂಪಿನಲ್ಲಿ ಯಾರೋ, ಹಾಗಾದರೆ ನಾಯಿ ಏನು ಕೊಟ್ಟಿತು ಅಂತ ಕೇಳಿದರು. ನಾವೆಲ್ಲ ಹುಂಜದ ಬಾಯಲ್ಲಿ ಬೊಗಳು ಕೇಳಲು ಕಾದವರು. ಆಗ ಓಬಯ್ಯ ಜಗುಲಿಯಿಂದ ಇಳಿದು ಬಂದು, ದಳವಾಯಿಯ ಬೆನ್ನ ಮೇಲೆ ಕೈ ಇಟ್ಟರು.

“ಅದರ ಹತ್ರ ಇದ್ದಿದ್ದು ಸುಮ್ಮನಿರೋದು ಒಂದೇ” ಅಂದರು. “ಅದನ್ನೇ ಪೂರಾ ಕೊಟ್ಟುಬಿಟ್ಟೈತೆ.”

ಹುಟ್ಟಿದಾಗಿನಿಂದ ಬಾಯಿ ತೆರೆದು ಅಭ್ಯಾಸವಿಲ್ಲದ ನಾಯಿ, ಗಂಟಲಲ್ಲಿ ಕೂಗು ಬಂದು ಕೂತಿದ್ದೂ ತಿಳಿಯದೆ ವಾರವೆಲ್ಲ ಸುಮ್ಮನಿತ್ತು. ಹೇಂಟೆಗಳಿಲ್ಲದ ಬರಿ ಅಂಗಳದಲ್ಲಿ ಬೆಳಗಾಗುವುದನ್ನು ನೋಡಲಾರದೆ ಕೊನೆಗೆ ಬಾಯಿ ತೆರೆದಿತ್ತು. ಇವತ್ತು ಸಂತೆ, ಹೊತ್ತು ಮುಳುಗಿದರೆ ಕೂಗು ದಳವಾಯಿಗೆ ಮರಳುತ್ತದೆ, ತಮ್ಮಣ್ಣ ಮತ್ತೆ ಮೊದಲಿನ ಹಾಗೇ. ಅದು ನೆನಪಾಗಿ ಯಾರೋ ಅಯ್ಯೋ ಅಂದರು. ತಿಪ್ಪಜ್ಜಿ, ಸಂಜೆಯ ತನಕ ಅದರದ್ದೇ, ಕೂಗಲಿ ಬಿಡಿ, ಯಾರೂ ತಡೆಯಬೇಡಿ ಅಂದಳು. ತಡೆಯುವವರು ಯಾರಿದ್ದರು? ತರಕಾರಿಯವರೇ ಬುಟ್ಟಿ ಇಳಿಸಿ, ಇನ್ನೊಂದು ಸಲ, ಇನ್ನೊಂದು ಸಲ ಅಂತ ಹುರಿದುಂಬಿಸುತ್ತಿದ್ದರು. ಅವತ್ತಿನ ಸಂತೆ ಶುರುವಾದದ್ದೇ ತಡವಾಗಿ.

ನಾವು ಮೇಲಿನ ಬೀದಿಗೆ ಹೊರಟೆವು. ಮುಂದೆ ತಮ್ಮಣ್ಣ ಮನೆಮನೆಯ ಮುಂದೆಯೂ ನಿಂತು ಕೂಗುತ್ತಾ ಹೋಗುತ್ತಿತ್ತು, ಅದರ ಹಿಂದೆ ದಳವಾಯಿ ಗಂಭೀರವಾಗಿ, ಬಾಯಿ ಮುಚ್ಚಿಕೊಂಡು ನಡೆಯುತ್ತಿತ್ತು. ನನ್ನ ಪಕ್ಕದಲ್ಲಿ ಓಬಯ್ಯ. ವಾರವೆಲ್ಲ ಕೂಡಿಸಿಟ್ಟಿದ್ದ ಬೈಗುಳವನ್ನು ಎಲ್ಲಿಂದ ಶುರು ಮಾಡಲಿ ಅಂತ ನೋಡುತ್ತಿದ್ದೆ, ಅಷ್ಟರಲ್ಲಿ ಅವರೇ ಶುರು ಮಾಡಿದರು. ತಮ್ಮಣ್ಣ ಮರಿಯಾಗಿದ್ದಾಗ ಮುರಿದ ಕೊಡೆಯೊಂದರ ಒಳಗೆ ಸಿಕ್ಕಿದ್ದನ್ನು ಹೇಳಿದರು. ಈ ವಾರ ದಿನಾ ಸಂಜೆ ನನ್ನ ಬೀದಿಯ ತಿರುವಿನ ತನಕ ಬಂದು, ಗಿರಣಿಯ ಸದ್ದು ಕೇಳಿ ಹಿಂತಿರುಗುತ್ತಿದ್ದುದನ್ನು ಹೇಳಿದರು. “ಮನೇಲಿ ಡಬ್ಬಗಟ್ಟಲೆ ಹಿಟ್ಟು ಹಾಗೇ ಕೂತೈತೆ ದುರುಗಮ್ಮ, ಉಂಡು ಉಂಡು ನನಗೂ ತಮ್ಮಣ್ಣನಿಗೂ ಮುದ್ದೆ ಅಂದ್ರೆ ಸಾಕಾಗೈತೆ” ಅಂದರು. ಅವತ್ತು ಯಾಕೆ ಬೇರೇನೂ ಅನ್ನದೆ ಹೊರಟುಹೋದರು ಅನ್ನುವ ಮಾತಿಗೂ ಅವರೇ ಬಂದರು. “ನಿಮ್ಮ ಹುಂಜದ ಕೂಗು ಹೋಗಿದ್ದು ನಮ್ಮಿಂದ ಅಂದ್ಕೊಂಡೆ. ಇನ್ನೂ ಅಲ್ಲೇ ಇದ್ರೆ ನಿಮ್ಮ ಮಾತೂ ಹೋಗಿಬಿಡ್ತೈತೇನೋ ಅಂತ ಹೆದರಿಕೆ ಆತು. ಆ ಬೀದೀಲಿ ನಿಮ್ಮ ಮಾತು ಕೇಳಿಸದೆ ಇದ್ರೆ ನಾನು ಯಾಕೆ ರಾಗಿ ಹಿಡ್ಕೊಂಡು ಬರ್ಬೇಕು ಹೇಳಿ.”

ಹೇಳಿ ಅಂದರು. ಏನಂತ ಹೇಳುವುದು? ನಾನು ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದೆ. ಕಣ್ಣು ಮಂಜಾಗಿ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ಅವರು ನಿಲ್ಲಿಸದೆ ಮಾತಾಡುತ್ತಲೇ ಇದ್ದರು, ಸೇತುವೆ ದಾಟಿದರೂ, ಸಂತೆಮಾಳ ದಾಟಿದರೂ, ಗಿರಣಿಯ ಬಾಗಿಲಿಗೆ ಬಂದರೂ.

ತಿಪ್ಪಜ್ಜಿ ನಮ್ಮ ಹಿಂದೆಯೇ ಬೆಕ್ಕನ್ನು ಎತ್ತಿಕೊಂಡು ಬರುತ್ತಿದ್ದಳು. ಬಾಗಿಲಲ್ಲಿ ನಿಂತು ಬೆಕ್ಕನ್ನು ಕೆಳಗೆ ಬಿಟ್ಟಳು. ಬಲಗೈಯನ್ನು ಕಿವಿಯ ಹಿಂದೆ ಒಡ್ಡಿದಳು, ತಮ್ಮಣ್ಣನ ಕಡೆಗಲ್ಲ, ದಳವಾಯಿಯ ಕಡೆಗೂ ಅಲ್ಲ. ಓಬಯ್ಯ ಹೊಸ ಒಲೆಯನ್ನು ನೋಡಿ ಅದರ ಬಾಯಿ ಯಾವ ದಿಕ್ಕಿಗಿದ್ದರೆ ಚೆನ್ನ ಅಂತ ಹೇಳುತ್ತಿದ್ದರು. ಅಜ್ಜಿ ಅದನ್ನು ಪೂರ್ತಿ ಕೇಳಿದಳು. ಆಮೇಲೆ ನನ್ನ ಮುಚ್ಚಿದ ಬಾಯಿಯನ್ನು ನೋಡಿದಳು.

“ಒಲೆ ಹಚ್ಚಿ” ಅಂದಳು.

ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಒಂದು ಅಕ್ಷರವೂ ಹೊರಡಲಿಲ್ಲ. ಬೆಂಕಿಪೊಟ್ಟಣ ಎಲ್ಲಿದೆ ಅಂತ ಪಕ್ಕದ ಮನೆಯವರನ್ನು ಕೂಗಿ ಕೇಳಿದ್ದೂ ಓಬಯ್ಯನೇ.